ಚೀನಾದಲ್ಲಿ ಲೋಗೋಗೆ ಕಾಪಿರೈಟ್ ಮಾಡಿಸಿ, ಆದರೆ ಮೊದಲು ಡಿಸೈನರ್ ಕೈಲಿ ಬರೆಸಿಕೊಳ್ಳಿ

ನೀವು ಬ್ಯಾಗುಗಳನ್ನು ಗ್ವಾಂಗ್‌ಜೌನಲ್ಲಿ ಮಾಡಿಸಿ ಬೆಂಗಳೂರಿನಲ್ಲಿ ಮಾರುತ್ತೀರಿ, ಇಂಡಿಯಾದಲ್ಲಿ ಟ್ರೇಡ್‌ಮಾರ್ಕ್ ಇದೆ, ಈಗ ಅಲ್ಲಿನ ಏಜೆಂಟ್ ಲೋಗೋಗೆ ಕಾಪಿರೈಟ್ ಮಾಡಿಸಿ ಅಂತಿದ್ದಾರೆ, ದುಡ್ಡು ದಂಡನಾ ಅಂತ ಕೇಳಿದ್ದೀರಿ. ದಂಡ ಅಲ್ಲ. ನಾನೂ ಅಲ್ಲಿಂದಲೇ ಮಾಲು ತರಿಸುವವನು, ನಮ್ಮ ಲೋಗೋಗೆ ಮಾಡಿಸಿದ್ದೇನೆ.

ಚೀನಾದಲ್ಲಿ ಮೊದಲು ಅರ್ಜಿ ಹಾಕಿದವರಿಗೇ ಟ್ರೇಡ್‌ಮಾರ್ಕ್. ಇಲ್ಲಿನ ಸರ್ಟಿಫಿಕೇಟು ಅಲ್ಲಿ ನಡೆಯಲ್ಲ. ಆಪಲ್‌ನಂಥ ಕಂಪನಿಯೇ ಐಪ್ಯಾಡ್ ಹೆಸರಿಗಾಗಿ, ಆ ಹೆಸರನ್ನು ಅಲ್ಲಿ ಮೊದಲೇ ಮಾಡಿಸಿಕೊಂಡಿದ್ದ ಪ್ರೋವ್ಯೂ ಅನ್ನೋ ಕಂಪನಿಗೆ 2012ರಲ್ಲಿ 6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 'ನಾವು ಅಲ್ಲಿ ಮಾರೋದೇ ಇಲ್ವಲ್ಲ' ಅಂತ ಸುಮ್ನೆ ಕೂರಬೇಡಿ. ಚೀನಾದ ಕಸ್ಟಮ್ಸ್ ಹೊರಗೆ ಹೋಗುವ ಮಾಲನ್ನೂ ತಡೆಯುತ್ತದೆ. ನಿಮ್ಮ ಲೋಗೋವನ್ನು ಬೇರೆ ಯಾರೋ ತಮ್ಮ ಹೆಸರಿಗೆ ಮಾಡಿಸಿಕೊಂಡು ಕಸ್ಟಮ್ಸ್‌ನಲ್ಲೂ ನಮೂದಿಸಿದ್ದರೆ, ನೀವು ದುಡ್ಡು ಕೊಟ್ಟು ಮಾಡಿಸಿದ ಬ್ಯಾಗುಗಳೇ ಬಂದರಿನಲ್ಲಿ ನಿಲ್ಲಬಹುದು.

ಕಾಪಿರೈಟ್ ಸಹಾಯಕ್ಕೆ ಬರೋದು ಇಲ್ಲೇ. ಟ್ರೇಡ್‌ಮಾರ್ಕ್ ಕ್ಲಾಸಿನ ಲೆಕ್ಕ, ಅಂದರೆ ಒಂದೊಂದು ಬಗೆಯ ಮಾಲಿಗೆ ಒಂದೊಂದು ನಂಬರು: ಬ್ಯಾಗು 18, ಬಟ್ಟೆ 25. ನೀವು 18ರಲ್ಲಿ ಮಾತ್ರ ಹಾಕಿದ್ದರೆ ಇನ್ನೊಬ್ಬ ಅದೇ ಚಿತ್ರಕ್ಕೆ 25ರಲ್ಲಿ ಅರ್ಜಿ ಹಾಕುತ್ತಾನೆ. ಕಾಪಿರೈಟ್‌ಗೆ ಕ್ಲಾಸೇ ಇಲ್ಲ. ಬೇರೆಯವರಿಗೆ ಮೊದಲೇ ಇದ್ದ ಹಕ್ಕನ್ನು ಮೀರಿ ಟ್ರೇಡ್‌ಮಾರ್ಕ್ ಪಡೆಯುವಂತಿಲ್ಲ ಅಂತ ಅಲ್ಲಿನ ಕಾನೂನೇ ಹೇಳುತ್ತದೆ, ಕಾಪಿರೈಟೂ ಆ ಹಕ್ಕುಗಳಲ್ಲಿ ಒಂದು. ಲಿಯೂ ಜಿಯೌ ಅನ್ನೋ ಕಲಾವಿದರು ಬಿಡಿಸಿದ್ದ, ಚೀನಾದ ಹಳೇ ಕಥೆಯ ವೀರ ವೂ ಸಾಂಗ್ ಹುಲಿ ಹೊಡೆಯುವ ಚಿತ್ರವನ್ನು ಒಂದು ಮದ್ಯದ ಕಂಪನಿ ಲೇಬಲ್ಲಿಗೆ ಹಾಕಿ ಟ್ರೇಡ್‌ಮಾರ್ಕೂ ಮಾಡಿಸಿಕೊಂಡಿತ್ತು. 1990ರ ದಶಕದಲ್ಲಿ ಆ ಕಲಾವಿದರ ಮನೆಯವರು ಬೀಜಿಂಗ್ ಕೋರ್ಟಿಗೆ ಹೋಗಿ ಗೆದ್ದರು, ಆ ಮಾರ್ಕು ರದ್ದಾಯಿತು.

ಇಂಡಿಯಾ, ಚೀನಾ ಎರಡೂ ಬರ್ನ್ ಅನ್ನೋ ಅಂತರರಾಷ್ಟ್ರೀಯ ಕಾಪಿರೈಟ್ ಒಪ್ಪಂದದಲ್ಲಿವೆ, ಹಾಗಾಗಿ ನೋಂದಣಿ ಇಲ್ಲದಿದ್ದರೂ ಹಕ್ಕು ಇರುತ್ತದೆ ನಿಜ. ಆದರೆ ಜಗಳ ಬಂದಾಗ ಚಿತ್ರ ನಿಮ್ಮದು ಅಂತ ತೋರಿಸೋಕೆ ಚೀನೀ ಭಾಷೆಯ ಒಂದು ಸರ್ಟಿಫಿಕೇಟ್ ಕೈಯಲ್ಲಿರೋದು ಎಷ್ಟೋ ವಾಸಿ. ಅದರ ತಾರೀಖು ಎದುರಾಳಿಯ ಅರ್ಜಿಗಿಂತ ಹಿಂದಿನದಾಗಿರಬೇಕು, ಆಮೇಲೆ ಮಾಡಿಸಿದ್ದನ್ನು ಅಷ್ಟಾಗಿ ನಂಬಲ್ಲ. ಲೋಗೋದ ಹಳೇ ಸ್ಕೆಚ್ಚು, ಡಿಸೈನರ್ ಕಳಿಸಿದ ಮೇಲ್, ಮೊದಲ ಬಿಲ್ಲು, ಯಾವುದನ್ನೂ ಅಳಿಸಬೇಡಿ.

ಇನ್ನು ಡಿಸೈನರ್ ವಿಷಯ. ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಇಲ್ಲೇ, ದಯವಿಟ್ಟು ಗಮನ ಕೊಡಿ. ಸಂಬಳದ ನೌಕರರು ಕೆಲಸದ ಭಾಗವಾಗಿ ಬಿಡಿಸಿದ್ದರೆ ಸಾಮಾನ್ಯವಾಗಿ ಹಕ್ಕು ಕಂಪನಿಯದು. ಹೊರಗಿನ ಡಿಸೈನರ್ ಆದರೆ, ನೀವು ಪೂರ್ತಿ ದುಡ್ಡು ಕೊಟ್ಟಿದ್ದರೂ, ಬರವಣಿಗೆಯಲ್ಲಿ ವರ್ಗಾಯಿಸದ ಹೊರತು ಲೋಗೋದ ಕಾಪಿರೈಟ್ ಅವರದೇ. ಬರೆಸಿಕೊಂಡಿದ್ದರೂ ಪತ್ರ ತೆಗೆದು ಓದಿ. ನಮ್ಮ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ ಅಂತ ಅರ್ಥ, ದೇಶ ಬರೆಯದಿದ್ದರೆ ಇಂಡಿಯಾಗೆ ಮಾತ್ರ ಅಂತ ಅರ್ಥ. 'ಲೋಗೋದ ಎಲ್ಲ ಹಕ್ಕು ಕೊಟ್ಟಿದ್ದೇನೆ' ಅನ್ನೋ ಒಂದು ಸಾಲು ಚೀನಾದಲ್ಲಿ ಸಾಕಾಗದೆ ಇರಬಹುದು ಅಲ್ವಾ! 'ಜಗತ್ತಿನ ಎಲ್ಲ ದೇಶಗಳಿಗೆ, ಕಾಪಿರೈಟ್ ಇರುವಷ್ಟೂ ಕಾಲ' ಅಂತ ಬಿಡಿಸಿ ಬರೆಸಿ, ಸಹಿ ಹಾಕಿಸಿ. ಸಂಬಂಧ ಚೆನ್ನಾಗಿರುವಾಗಲೇ ಹಾಕಿಸಿ.

ಒಂದು ಮಿತಿ ಇದೆ. ಕಾಪಿರೈಟ್ ಚಿತ್ರಕ್ಕೆ, ಬರೀ ಹೆಸರಿಗಲ್ಲ. ಲೋಗೋ ಸಾದಾ ಅಕ್ಷರಗಳಲ್ಲೇ ಇದ್ದರೆ ಈ ದಾರಿ ಕೆಲಸಕ್ಕೆ ಬಾರದು. ಹೆಸರಿಗೆ ಟ್ರೇಡ್‌ಮಾರ್ಕೇ ಬೇಕು. ಒಂದೇ ಅರ್ಜಿಯಲ್ಲಿ ಹಲವು ದೇಶಗಳಿಗೆ ಟ್ರೇಡ್‌ಮಾರ್ಕ್ ಕೇಳುವ ಮ್ಯಾಡ್ರಿಡ್ ಒಪ್ಪಂದದ ಮೂಲಕ ಇಲ್ಲಿಂದಲೇ ಹಾಕಬಹುದು, 2013ರಿಂದ ಇಂಡಿಯಾ ಅದರಲ್ಲಿದೆ. ಆದರೆ ಚೀನಾದವರು ಒಂದೊಂದು ಕ್ಲಾಸನ್ನೂ ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದು ನೋಡುತ್ತಾರೆ, ಅದಕ್ಕೇ ಬೇಕಾದ ಗುಂಪುಗಳನ್ನು ನೋಡಿ ಆರಿಸಿ ನೇರವಾಗಿ ಅಲ್ಲೇ ಹಾಕೋದು ನನಗೆ ಸರಿ ಅನಿಸುತ್ತದೆ. ಹೊಸ ಡಿಸೈನ್ ಫೈಲನ್ನು ಫ್ಯಾಕ್ಟರಿಗೆ ಕಳಿಸುವ ಮೊದಲೇ ಕಾಪಿರೈಟ್, ಟ್ರೇಡ್‌ಮಾರ್ಕ್ ಎರಡೂ ಅರ್ಜಿ ಹೋಗಿರಲಿ.