ಧೈರ್ಯ ಹೇಳುವುದು ಸಾಕು, ಅವರಿಗೆ ನಿದ್ದೆ ಕೊಡಿಸಿ

ಪ್ರಶ್ನೆ: ಹೆಂಡತಿ ಬಾಣಂತನಕ್ಕೆ ತಿಪಟೂರಿನ ಹತ್ತಿರ ತವರಿನಲ್ಲಿದ್ದಾಳೆ. ಮಗುವಿಗೆ ಎರಡೂವರೆ ತಿಂಗಳು. ನಾನು ಬೆಂಗಳೂರಿನಿಂದ ಶನಿವಾರ ಹೋಗಿ ಬರುತ್ತೇನೆ. ಒಂದೂವರೆ ತಿಂಗಳಿಂದ ಅವಳದು ಬರೀ ಅಳು. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ‘ನಾನು ತಾಯಿಯಾಗೋಕೆ ಲಾಯಕ್ಕಿಲ್ಲ’ ಅನ್ನುತ್ತಾಳೆ. ಅತ್ತೆ ದೃಷ್ಟಿ ತೆಗೆಸಿದ್ದಾರೆ. ನಾನು ಎಷ್ಟು ಧೈರ್ಯ ಹೇಳಿದರೂ ಪ್ರಯೋಜನವಿಲ್ಲ.

ಉತ್ತರ: ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಬರುವ ಅಳು ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ನೀವು ಬರೆದಿರುವುದು ಅದಲ್ಲ. ಮಗು ಮಲಗಿದಾಗಲೂ ನಿದ್ದೆ ಹತ್ತದಿರುವುದು, ತನ್ನ ಮೇಲೇ ತಪ್ಪು ಹೊರಿಸಿಕೊಳ್ಳುವುದು ಹೆರಿಗೆ ನಂತರದ ಖಿನ್ನತೆಯ ಗುರುತು. ಅದಕ್ಕೆ ಚಿಕಿತ್ಸೆಯಿದೆ. ‘ನಿನಗೇನು ಕಡಿಮೆ, ಮಗು ಮುಖ ನೋಡು’ ಎಂದಷ್ಟೂ ಆಕೆಯ ಅಪರಾಧಿ ಭಾವ ಹೆಚ್ಚುತ್ತದೆ. ‘ಇದು ಕಾಯಿಲೆ, ನಿನ್ನ ತಪ್ಪಲ್ಲ, ಡಾಕ್ಟರ ಹತ್ತಿರ ನಾನೂ ಬರ್ತೀನಿ’ ಅನ್ನಿ, ಸಾಕು.

ಮೊದಲ ಔಷಧ ನಿದ್ದೆ. ರಾತ್ರಿ ಹತ್ತಕ್ಕೆ ಹಾಲೂಡಿಸಿ ಅವರು ಬೇರೆ ಕೋಣೆಯಲ್ಲಿ ಮಲಗಲಿ. ಬೆಳಗಿನ ಜಾವ ಮೂರರವರೆಗೆ ಯಾರೂ ಎಬ್ಬಿಸಬಾರದು. ನಡುವಿನ ಹೊತ್ತಿಗೆ ಹಿಂಡಿಟ್ಟ ಎದೆಹಾಲನ್ನು ಒಳಲೆಯಲ್ಲಿ ಕುಡಿಸಬಹುದು. ಹಾಲು ಹೊರಗಿದ್ದರೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಸೆಕೆಗಾಲದಲ್ಲಿ ಫ್ರಿಜ್ಜೇ ಲೇಸು. ಶನಿವಾರ, ಭಾನುವಾರದ ರಾತ್ರಿ ಪಾಳಿ ನಿಮ್ಮದು. ನೆಂಟರಂತೆ ಹೋಗಿ ಉಂಡು ಬರಬೇಡಿ.

ಅತ್ತೆಯವರ ಜೊತೆ ದೃಷ್ಟಿಯ ವಿಷಯಕ್ಕೆ ಜಗಳ ಬೇಡ. ಎಣ್ಣೆನೀರು, ಬಿಸಿ ಸಾರು ನಡೆಯಲಿ. ನೀರು ಕುಡಿಯಲು ಬಿಡದಿರುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು, ಈ ಎರಡನ್ನು ಮಾತ್ರ ಖಂಡಿತ ನಿಲ್ಲಿಸಿ. ಅತ್ತೆಯವರಿಗೂ ರಾತ್ರಿಯ ದಣಿವಿದೆ ಅನ್ನುವುದು ನೆನಪಿರಲಿ.

ವೈದ್ಯರಲ್ಲಿಗೆ ಹೋದಾಗ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಕೇಳಿ. ರಕ್ತ ಕಡಿಮೆಯಿದ್ದರೂ, ಥೈರಾಯ್ಡ್ ಏರುಪೇರಾದರೂ ಇಂಥದೇ ಸುಸ್ತು ಬರುತ್ತದೆ. ಹಾಲೂಡಿಸುವವರಿಗೆ ಸಾಮಾನ್ಯವಾಗಿ ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಬರೆಯುತ್ತಾರೆ. ಅದು ಹಾಲಿಗೆ ಸೇರುವುದು ತೀರ ಕಡಿಮೆ. ಮೊದಲ ವಾರ ಹೊಟ್ಟೆ ತೊಳಸಬಹುದು, ಗುಣ ಕಾಣಲು 2ರಿಂದ 4 ವಾರ ಬೇಕು. ಬಹಳ ಮನೆಗಳಲ್ಲಿ ಎಡವುವುದು ಇಲ್ಲೇ: ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಎಂದೋ, ಎರಡು ತಿಂಗಳಿಗೆ ‘ವಾಸಿಯಾಯ್ತು’ ಎಂದೋ ಮಾತ್ರೆ ಬಿಟ್ಟುಬಿಡುತ್ತಾರೆ. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು.

ಇನ್ನೊಂದು, ಕಷ್ಟದ ಮಾತು. ‘ಸಾಯಬೇಕು ಅನ್ನಿಸುತ್ತಾ? ಮಗುವಿಗೆ ಏನಾದರೂ ಮಾಡಿಬಿಡ್ತೀನಿ ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ, ಅಥವಾ ಇಲ್ಲದ ದನಿ ಕೇಳಿಸುತ್ತಿದೆ, ಮಗು ತನ್ನದಲ್ಲ ಎಂದೆಲ್ಲ ಅಂದರೆ, ತಾಯಿ–ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಮನೋವೈದ್ಯರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಹಾನ್ಸ್‌ನಲ್ಲಿ ತಾಯಿಯನ್ನು ಮಗುವಿನ ಜೊತೆಗೇ ದಾಖಲಿಸಿಕೊಳ್ಳುವ ವಿಭಾಗವಿದೆ.

ಅಷ್ಟು ತುರ್ತಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯಕ್ಕೆಂದೇ ನಡೆಯುವ ಮನೋಚೈತನ್ಯ ಕ್ಲಿನಿಕ್‌ನಿಂದ ಶುರು ಮಾಡಬಹುದು. ಅದು ಮಂಗಳವಾರದ ಕ್ಲಿನಿಕ್. ಡಾಕ್ಟರು ಬರುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಅಲ್ಲಿಯತನಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ನೀವೂ ಮಾಡಬಹುದು. ಈ ವಾರ ಭಾನುವಾರ ಸಂಜೆಯ ರೈಲು ಹತ್ತಬೇಡಿ, ಮಂಗಳವಾರದವರೆಗೆ ರಜೆ ಹಾಕಿ.