ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ: ಸ್ಕ್ಯಾಂಡಿನೇವಿಯಾದ ಹಳೆಯ ಪೀಠೋಪಕರಣ, ದೀಪ, ಚಿತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಸ್ವೀಡನ್ನಿನ ಮಾಲ್ಮೋದಲ್ಲಿ ನೆಲೆಸಿದ್ದೇವೆ. ಸೇತುವೆಯಾಚೆಯ ಕೋಪನ್‌ಹೇಗನ್ನಿನಲ್ಲಿ ಮನೆ ಖಾಲಿ ಮಾಡುತ್ತಿರುವ ಕುಟುಂಬವೊಂದು ಹಾನ್ಸ್ ವೆಗ್ನರ್ ವಿನ್ಯಾಸದ ವೈ ಕುರ್ಚಿಗಳೆಂದು ಹೇಳಿ ನಾಲ್ಕು ಕುರ್ಚಿಗಳನ್ನು ಮಾರಾಟಕ್ಕೆ ಇಟ್ಟಿದೆ. ಅವುಗಳ ಮೇಲೆ ಯಾವ ಚೀಟಿಯೂ ಇಲ್ಲ, ಮುದ್ರೆಯೂ ಇಲ್ಲ. ಅಸಲಿಯೇ ಎಂದು ತಿಳಿಯುವುದು ಹೇಗೆ?
— ಮಾಲ್ಮೋದ ಓದುಗರು

ಉತ್ತರ: ಚೀಟಿ ಇಲ್ಲವೆಂಬ ಒಂದೇ ಕಾರಣಕ್ಕೆ ಆ ಕುರ್ಚಿಗಳನ್ನು ಬಿಟ್ಟುಬಿಡಬೇಕಾಗಿಲ್ಲ, ಚೀಟಿ ಇದೆಯೆಂಬ ಒಂದೇ ಕಾರಣಕ್ಕೆ ಯಾವ ಕುರ್ಚಿಯನ್ನೂ ಕೊಳ್ಳಬೇಕಾಗಿಯೂ ಇಲ್ಲ. ಐದಾರು ದಶಕ ಬಳಸಿದ ಕುರ್ಚಿಯ ಅಡಿಯಲ್ಲಿ ಅಂಟಿಸಿದ್ದ ಕಾಗದ ಉದುರಿಹೋಗುವುದು ಸಹಜ, ಹಾಗೆಯೇ ಹೊಸ ಚೀಟಿಯೊಂದನ್ನು ಅಚ್ಚು ಹಾಕಿಸಿ ಅಂಟಿಸುವುದು ಇಂದು ಯಾರಿಗೂ ಕಷ್ಟದ ಕೆಲಸವಲ್ಲ. ಆದ್ದರಿಂದ ಮಾರುವವರ ಅನುಮತಿ ಪಡೆದು ಕುರ್ಚಿಯನ್ನು ತಲೆಕೆಳಗು ಮಾಡಿ, ಅದನ್ನು ಹೇಗೆ ಮಾಡಿದ್ದಾರೆ ಎಂಬುದನ್ನು ನೋಡಿ.

ವೈ ಕುರ್ಚಿಯನ್ನು ವೆಗ್ನರ್ 1949ರಲ್ಲಿ ರೂಪಿಸಿದರು; ಕಾರ್ಲ್ ಹಾನ್ಸೆನ್ ಅಂಡ್ ಸನ್ ಸಂಸ್ಥೆ 1950ರಿಂದ ಇಂದಿನವರೆಗೂ ಅದನ್ನು ತಯಾರಿಸುತ್ತಲೇ ಬಂದಿದೆ. ಹೀಗಾಗಿ ನೀವು ಕೇಳಬೇಕಾದ ಪ್ರಶ್ನೆಗಳು ಎರಡು: ಕುರ್ಚಿ ಅಸಲಿಯೇ, ಅಸಲಿಯಾದರೆ ಹಳೆಯದೇ. ಕಳೆದ ವರ್ಷ ಕಾರ್ಖಾನೆಯಿಂದ ಹೊರಬಂದ ಕುರ್ಚಿಯೂ ಅಸಲಿಯೇ, ಆದರೆ ಅದಕ್ಕೆ ಸಂಗ್ರಾಹಕರು ಹಳೆಯ ಕುರ್ಚಿಯ ಬೆಲೆ ಕೊಡುವುದಿಲ್ಲ.

ಮೊದಲು ಮೇಲಿನ ಅರ್ಧವರ್ತುಲಾಕಾರದ ಪಟ್ಟಿಯ ಮೇಲೆ ಬೆರಳಾಡಿಸಿ. ಅಸಲಿ ಕುರ್ಚಿಯಲ್ಲಿ ಅದು ಹಬೆಗೊಡ್ಡಿ ಬಾಗಿಸಿದ ಒಂದೇ ಘನ ಮರವಾದ್ದರಿಂದ ಮರದ ಎಳೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಾಗಿನ ಜೊತೆಜೊತೆಗೇ ಸಾಗುತ್ತದೆ. ಅಗ್ಗದ ನಕಲುಗಳಲ್ಲಿ ಎರಡು ಮೂರು ತುಂಡುಗಳನ್ನು ಕೂಡಿಸಿ, ಆ ಮೇಲೆ ಬಾಗಿದ ಆಕಾರಕ್ಕೆ ಕತ್ತರಿಸಿರುತ್ತಾರೆ. ಎಳೆ ನಡುವೆ ಕಡಿದು ದಿಕ್ಕು ಬದಲಿಸುವುದು ಬರಿಗಣ್ಣಿಗೇ ಕಾಣುತ್ತದೆ. ಬೆನ್ನಿನ ವೈ ಆಕಾರದ ಭಾಗ ಇದಕ್ಕೆ ವಿರುದ್ಧ: ಅಸಲಿಯಲ್ಲಿ ಅದು ತೆಳು ಪದರಗಳನ್ನು ಅಚ್ಚಿನಲ್ಲಿ ಒತ್ತಿ ಮಾಡಿದ್ದು, ಅಂಚಿನಲ್ಲಿ ಪದರಗಳು ಎಣಿಸುವಷ್ಟು ಸ್ಪಷ್ಟವಾಗಿರುತ್ತವೆ. ಘನ ಮರದ ವೈ ಕಂಡರೆ ಅದು ಹೆಚ್ಚು ಗಟ್ಟಿಯೆಂದು ಮೆಚ್ಚಿ ಮೋಸ ಹೋಗುವವರಿದ್ದಾರೆ. ಹಿಂಗಾಲುಗಳು ಬಾಗಿಸಿದಂತೆ ತೋರಿದರೂ ಅವು ಬಾಗಿಸಿದವಲ್ಲ, ಮರದಿಂದ ಹಾಗೆಯೇ ಕಡೆದು ತೆಗೆದವು.

ಆಮೇಲೆ ಕೂರುವ ಹೆಣಿಗೆ. ಯುದ್ಧಕಾಲದಲ್ಲಿ ಸಮುದ್ರಹುಲ್ಲಿನ ಹಗ್ಗಕ್ಕೆ ಕೊರತೆ ಬಂದಾಗ ಡೆನ್ಮಾರ್ಕಿನವರು ಕಾಗದವನ್ನು ಹುರಿ ಮಾಡಿದ ದಾರವನ್ನು ಬಳಕೆಗೆ ತಂದರು. ಅದರ ಬಾಳಿಕೆ ಕಂಡ ಮೇಲೆ ಹಗ್ಗದ ಕಡೆಗೆ ಮರಳಲಿಲ್ಲ. ಒಂದು ವೈ ಕುರ್ಚಿಗೆ ಇಂಥ ದಾರ ಸುಮಾರು 120 ಮೀಟರ್ ಬೇಕು, ನುರಿತ ಕೈಗೆ ಹೆಣೆಯಲು ಒಂದು ಗಂಟೆ ಹಿಡಿಯುತ್ತದೆ. ಹೆಣಿಗೆ ಸಡಿಲವಾಗಿದ್ದರೆ, ಕಪ್ಪಿಟ್ಟಿದ್ದರೆ, ಒಂದೆರಡು ಕಡೆ ಹರಿದಿದ್ದರೂ ಅದು ದೋಷವಲ್ಲ, ಮರು ಹೆಣಿಗೆಯ ಖರ್ಚನ್ನು ಬೆಲೆಯಿಂದ ಕಳೆಯಲು ಕಾರಣವಷ್ಟೇ. ಮರ ಬಹಳ ಹಳೆಯದಾಗಿ ಕಾಣುತ್ತಿದ್ದು ದಾರ ಮಾತ್ರ ಹೊಸದಾಗಿದ್ದರೆ, ಯಾರು, ಯಾವಾಗ ಹೆಣೆದರು ಎಂದು ಕೇಳಿ. ಪ್ರಾಮಾಣಿಕ ಮಾರಾಟಗಾರರಿಗೆ ಈ ಪ್ರಶ್ನೆಯಿಂದ ಇರಿಸುಮುರಿಸಾಗುವುದಿಲ್ಲ.

ನಿಮ್ಮ ಭಾಗದಲ್ಲಿ ನಕಲಿಗಳು ಇಷ್ಟೊಂದು ಓಡಾಡುವುದಕ್ಕೆ ಕಾನೂನಿನ ಹಿನ್ನೆಲೆಯೂ ಇದೆ. ಕಾರ್ಖಾನೆಯಲ್ಲಿ ತಯಾರಾಗುವ ಕಲಾವಿನ್ಯಾಸಗಳಿಗೆ ಬ್ರಿಟನ್ನಿನಲ್ಲಿ 2016ರವರೆಗೂ ಕೇವಲ 25 ವರ್ಷಗಳ ಹಕ್ಕುಸ್ವಾಮ್ಯವಿದ್ದುದರಿಂದ, ಅಲ್ಲಿನ ಅಂಗಡಿಗಳು 1950ರ ದಶಕದ ವಿನ್ಯಾಸಗಳ ನಕಲುಗಳನ್ನು ರಾಜಾರೋಷವಾಗಿ ಮಾರುತ್ತಿದ್ದವು. ಆಗ ಕೊಂಡ ನಕಲುಗಳು ಹತ್ತಿಪ್ಪತ್ತು ವರ್ಷ ಬಳಕೆಯಾಗಿ, ಒಳ್ಳೆಯ ಮಾಸಲು ಬಣ್ಣ ಪಡೆದು, ಈಗ ಹಳೆಯ ಸರಕಿನ ಮಾರುಕಟ್ಟೆಗೆ ಬರುತ್ತಿವೆ. ಮಾರುವವರಿಗೇ ಅದು ನಕಲೆಂದು ಗೊತ್ತಿಲ್ಲದಿರುವುದೂ ಉಂಟು.

ಬಡಗಿಯ ಮುದ್ರೆ ಇದ್ದರೆ ಅದು ಪಂಚಾಂಗದಂತೆ ಕಾಲ ಹೇಳಬಲ್ಲದು. ಫ್ರಾನ್ಸ್ ಅಂಡ್ ಡಾವರ್ಕೋಸನ್ ಎಂಬ ಕಾರ್ಖಾನೆ 1957ರಲ್ಲಿ ಫ್ರಾನ್ಸ್ ಅಂಡ್ ಸನ್ ಎಂದು ಹೆಸರು ಬದಲಿಸಿಕೊಂಡಿತು. ಆದ್ದರಿಂದ ಅದರ ಪುಟ್ಟ ಲೋಹದ ಬಿಲ್ಲೆಯಲ್ಲಿ ಹಳೆಯ ಹೆಸರಿದ್ದರೆ ಆ ಕುರ್ಚಿ 1957ಕ್ಕೂ ಹಿಂದಿನದು. ಮುದ್ರೆಯೇ ಇಲ್ಲದಿದ್ದಾಗ ತಯಾರಿಕೆಯ ಬದಲಾವಣೆಗಳು ಆ ಕೆಲಸ ಮಾಡುತ್ತವೆ. ವೆಗ್ನರರದೇ ದುಂಡು ಕುರ್ಚಿಯನ್ನು ತೆಗೆದುಕೊಳ್ಳಿ: 1960ರಲ್ಲಿ ಕೆನಡಿ ಮತ್ತು ನಿಕ್ಸನ್ ದೂರದರ್ಶನದ ಚರ್ಚೆಯಲ್ಲಿ ಕಾಣಿಸಿಕೊಂಡದ್ದು ಅದರೊಂದಿಗೇ. 1949ರ ಮೊದಲ ಕುರ್ಚಿಗಳಲ್ಲಿ ಬೆನ್ನಿನ ತುಂಡುಗಳು ಕೂಡುವ ಜಾಗ ಕಾಣದಂತೆ ಬೆತ್ತ ಸುತ್ತಿದ್ದರು. ಮುಂದೆ ಹಲ್ಲುಹಲ್ಲಾದ ಒಂದು ಜೋಡಣೆಯನ್ನು ರೂಪಿಸಿ, ಬೆತ್ತ ತೆಗೆದು ಜೋಡಣೆಯನ್ನೇ ಎದ್ದು ತೋರುವಂತೆ ಬಿಟ್ಟರು. ಆ ಜೋಡಣೆಯ ಹಲ್ಲುಗಳಲ್ಲಿ ಕೂದಲೆಳೆಯಷ್ಟು ಸಂದೂ ಕಾಣಬಾರದು. ಮರದ ಪುಡಿ, ಅಂಟು ತುಂಬಿ ಮುಚ್ಚಿದ್ದು ಕಂಡರೆ ದೂರವಿರಿ.

ಪ್ರಶ್ನೆ: ಡೆನ್ಮಾರ್ಕಿನ ಆರ್ಹುಸ್‌ನಿಂದ ಮೈಸೂರಿಗೆ ಶಾಶ್ವತವಾಗಿ ಮರಳುತ್ತಿದ್ದೇವೆ. 1960ರ ದಶಕದ, ಜಾರುಬಾಗಿಲಿನ ಉದ್ದನೆಯ ಸೈಡ್‌ಬೋರ್ಡ್ ಒಂದನ್ನು ಜೊತೆಗೆ ತರುವ ಆಸೆಯಿದೆ. ಅದು ರೋಸ್‌ವುಡ್‌ನದೆಂದು ಅಂಗಡಿಯವರು ಹೇಳಿದ್ದರು. ಏನಾದರೂ ತೊಡಕುಂಟೇ?
— ಆರ್ಹುಸ್‌ನ ಓದುಗರು

ಉತ್ತರ: ತೊಡಕಿದೆ, ಮತ್ತು ಅದು ಮರದ ಜಾತಿಯಲ್ಲಿದೆ. ಆ ಕಾಲದ ಡ್ಯಾನಿಶ್ ಕಾರ್ಖಾನೆಗಳು ಬ್ರೆಜಿಲ್‌ನ ರೋಸ್‌ವುಡ್ಡನ್ನು ಬಹಳವಾಗಿ ಬಳಸಿದವು. 1992ರಿಂದ ಆ ಜಾತಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಮೊದಲನೆಯ ಅನುಬಂಧದಲ್ಲಿದೆ, ಅಂದರೆ ಅತ್ಯಂತ ಬಿಗಿಯಾದ ರಕ್ಷಣೆಯಲ್ಲಿದೆ. ನಮ್ಮ ಮಲೆನಾಡಿನ ಬೀಟೆ ಅದೇ ಕುಲದ ಮರ. 2017ರ ಜನವರಿಯಿಂದ ಆ ಕುಲದ ಉಳಿದ ಜಾತಿಗಳೂ ಎರಡನೆಯ ಅನುಬಂಧಕ್ಕೆ ಸೇರಿವೆ. ಹೀಗಾಗಿ ನಿಮ್ಮ ಸೈಡ್‌ಬೋರ್ಡ್ ಬ್ರೆಜಿಲ್‌ನ ಮರದ್ದಾದರೆ ಕಾಗದಪತ್ರವಿಲ್ಲದೆ ಗಡಿ ದಾಟುವಂತಿಲ್ಲ, ಬೀಟೆಯದಾದರೂ ಕಾಗದಪತ್ರ ಬೇಕಾಗಬಹುದು. ಎರಡನ್ನೂ ಕಣ್ಣಳತೆಯಿಂದ ಬೇರ್ಪಡಿಸಿ ಹೇಳುವವರನ್ನು ನಂಬಬೇಡಿ, ಅದು ಮರ ಪರೀಕ್ಷಿಸುವ ತಜ್ಞರ ಕೆಲಸ.

ಬ್ರೆಜಿಲ್‌ನ ಮರವೆಂದಾದರೆ, ಈ ವಸ್ತು 1992ಕ್ಕೂ ಮೊದಲಿನದೆಂದು ದಾಖಲೆಗಳಿಂದ ತೋರಿಸಿ ಡೆನ್ಮಾರ್ಕಿನ ಸೈಟಿಸ್ ಪ್ರಾಧಿಕಾರದಿಂದ ಪ್ರಮಾಣಪತ್ರ ಪಡೆಯಬೇಕು. ಅಂಗಡಿಯ ರಸೀದಿ, ಹಿಂದಿನ ಮಾಲೀಕರ ಪತ್ರ, ಹಳೆಯ ಹರಾಜಿನ ಪಟ್ಟಿ, ಕಾರ್ಖಾನೆಯ ಮುದ್ರೆಯ ಛಾಯಾಚಿತ್ರ ಇವೆಲ್ಲ ಅಲ್ಲಿ ಉಪಯೋಗಕ್ಕೆ ಬರುತ್ತವೆ. ಐರೋಪ್ಯ ಒಕ್ಕೂಟದೊಳಗೆ ಅದನ್ನು ಮಾರುವುದಕ್ಕೂ ಪ್ರಮಾಣಪತ್ರ ಬೇಕು. 1947ರ ಮಾರ್ಚ್‌ಗಿಂತ ಹಿಂದೆ ತಯಾರಾದ ವಸ್ತುಗಳಿಗೆ ಮಾತ್ರ ವಿನಾಯಿತಿಯಿರುವುದರಿಂದ 1960ರ ದಶಕದ ಸೈಡ್‌ಬೋರ್ಡ್ ಅದರಡಿ ಬರುವುದಿಲ್ಲ. ನಿಮಗೆ ಮಾರಿದ ಅಂಗಡಿಯವರ ಬಳಿ ಆ ಪ್ರಮಾಣಪತ್ರ ಇರಲೇಬೇಕಿತ್ತು, ಆದ್ದರಿಂದ ಮೊದಲು ಅವರನ್ನೇ ಕೇಳಿ.

ಭಾರತದ ಕಡೆಗೆ ಬಂದರೆ, 2022ರ ತಿದ್ದುಪಡಿಯ ಮೂಲಕ ಸೈಟಿಸ್ ಪಟ್ಟಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಕ್ಕೇ ಸೇರಿದೆ. ಅದಲ್ಲದೆ ಬಳಸಿದ ಸರಕಿನ ಆಮದು ಸಾಮಾನ್ಯವಾಗಿ ನಿರ್ಬಂಧಿತ. ವಾಸ ಬದಲಿಸಿ ಬರುವವರ ಗೃಹೋಪಯೋಗಿ ಸಾಮಾನುಗಳಿಗೆ ಸುಂಕದ ನಿಯಮಗಳಲ್ಲಿ ಬೇರೆ ದಾರಿಯಿದೆ. ಸೈಡ್‌ಬೋರ್ಡನ್ನು ನಿಮ್ಮ ಮನೆಸಾಮಾನಿನ ಪಟ್ಟಿಯಲ್ಲೇ, ಮರದ ಜಾತಿಯ ಹೆಸರಿನೊಂದಿಗೆ ಕಾಣಿಸಿ. ‘ಹಳೆಯ ಮರದ ಕಪಾಟು’ ಎಂದಷ್ಟೇ ಬರೆದು ಬಚಾವಾಗಬಹುದೆಂದು ಸಾಗಣೆಯವರು ಸಲಹೆ ಕೊಟ್ಟರೆ ಒಪ್ಪಬೇಡಿ. ಬಂದರಿನಲ್ಲಿ ಸಿಕ್ಕಿಬಿದ್ದರೆ ಉತ್ತರ ಹೇಳಬೇಕಾದವರು ನೀವು. ತೇಗದ ವಸ್ತುವಾಗಿದ್ದರೆ ಸೈಟಿಸ್‌ನ ಈ ತಾಪತ್ರಯವೇ ಇರುತ್ತಿರಲಿಲ್ಲ.

ಊರಿಗೆ ಬಂದ ಮೇಲಿನ ಮಾತು ಒಂದಿದೆ. ಚಳಿಗಾಲದಲ್ಲಿ ಬಿಸಿ ಮಾಡಿದ, ಒಣಗಾಳಿಯ ಮನೆಗಳಲ್ಲಿ ಅರವತ್ತು ವರ್ಷ ಇದ್ದ ಮರ ನಮ್ಮ ಮಳೆಗಾಲದಲ್ಲಿ ಉಬ್ಬುತ್ತದೆ, ಡ್ರಾಯರುಗಳು ಬಿಗಿಯಾಗುತ್ತವೆ. ಆಗ ಬಡಗಿಯನ್ನು ಕರೆಸಿ ತೋಪಡಾ ಹೊಡೆಸಿಬಿಡಬೇಡಿ. ಈ ಸೈಡ್‌ಬೋರ್ಡುಗಳ ಹೊರಮೈ ಒಂದು ಮಿಲಿಮೀಟರಿಗಿಂತ ತೆಳುವಾದ ಪದರ. ಮರಳು ಕಾಗದ ಜೋರಾಗಿ ಉಜ್ಜಿದರೂ ಅಡಿಯ ಹಲಗೆ ಇಣುಕುತ್ತದೆ, ಒಮ್ಮೆ ಇಣುಕಿದರೆ ಸರಿಪಡಿಸುವ ಉಪಾಯವಿಲ್ಲ. ಗೋಡೆಯಿಂದ ನಾಲ್ಕು ಬೆರಳು ದೂರವಿಟ್ಟು ಒಂದು ಮಳೆಗಾಲ ಕಳೆಯಲಿ. ಅಗಸೆ ಎಣ್ಣೆ ಹಚ್ಚುವುದಾದರೆ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯದೆ ನೀರಿನಲ್ಲಿ ನೆನೆಸಿ ಹರಡಿ ಒಣಗಿಸಿ, ಏಕೆಂದರೆ ಆ ಎಣ್ಣೆ ಹೀರಿದ ಬಟ್ಟೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು.

ಪ್ರಶ್ನೆ: ಮಗಳು ಕೋಪನ್‌ಹೇಗನ್ನಿನಿಂದ ಹಳೆಯ ಪಿಎಚ್ 5 ತೂಗುದೀಪ ತಂದುಕೊಟ್ಟಿದ್ದಾಳೆ. ಬಣ್ಣ ಅಲ್ಲಲ್ಲಿ ಎದ್ದಿದೆ. ಬಣ್ಣ ಹೊಡೆಸಿ ಎಲ್‌ಇಡಿ ಬಲ್ಬ್ ಹಾಕಬಹುದೇ?
— ಬೆಂಗಳೂರಿನ ಓದುಗರು

ಉತ್ತರ: ಬಲ್ಬ್ ಹಾಕಬಹುದು, ಬಣ್ಣ ಬೇಡ. ಪೌಲ್ ಹೆನಿಂಗ್ಸನ್ ಲೂಯಿಸ್ ಪೌಲ್ಸನ್ ಸಂಸ್ಥೆಗಾಗಿ 1958ರಲ್ಲಿ ರೂಪಿಸಿದ ಈ ದೀಪದಲ್ಲಿ ಬಣ್ಣವೂ ವಿನ್ಯಾಸದ ಭಾಗವೇ. ಒಳಗಿರುವ ಸಣ್ಣ ಕೆಂಪು, ನೀಲಿ ಭಾಗಗಳನ್ನು ಗಮನಿಸಿ: ಬೆಳಕಿನ ಈ ಎರಡು ತುದಿಗಳ ಬಣ್ಣಗಳಿಗೆ ಕಣ್ಣು ಕಡಿಮೆ ಸ್ಪಂದಿಸುತ್ತದೆಂಬ ಎಣಿಕೆಯಿಂದ ಅವುಗಳನ್ನು ತುಸು ಹೆಚ್ಚಿಸಲು ಅವನ್ನು ಅಲ್ಲಿಟ್ಟರು. ಒಳಮೈಯ ಬಿಳಿ ಬಣ್ಣ ಹೊಳಪಿಲ್ಲದ್ದು. ನಮ್ಮ ಕಡೆಯ ಹೊಳೆಯುವ ಎನಾಮಲ್ ಬಳಿದರೆ, ಯಾವ ಕೋನದಿಂದಲೂ ಕಣ್ಣಿಗೆ ಬಲ್ಬ್ ಚುಚ್ಚಬಾರದೆಂದು ಅವರು ಪಟ್ಟ ಶ್ರಮವೆಲ್ಲ ವ್ಯರ್ಥ. ಮಾರುಕಟ್ಟೆಯಲ್ಲೂ ಎದ್ದ ಮೂಲ ಬಣ್ಣಕ್ಕೇ ಬೆಲೆ ಹೆಚ್ಚು.

ಅಲ್ಲಿಯೂ ಇಲ್ಲಿಯೂ ವೋಲ್ಟೇಜ್ 230 ಆದ್ದರಿಂದ ಪರಿವರ್ತಕ ಬೇಕಿಲ್ಲ. ಆದರೆ ಹಳೆಯ ದೀಪದ ವೈರು ಎರಡೇ ಎಳೆಯದಾಗಿದ್ದರೆ, ಮೂರೆಳೆಯ ವೈರು ಹಾಕಿಸಿ ಲೋಹದ ಮೈಗೆ ಅರ್ಥಿಂಗ್ ಕೊಡಿಸಿ. ತೆಗೆದ ವೈರು, ಹೋಲ್ಡರುಗಳನ್ನು ಎಸೆಯದೆ ಪೊಟ್ಟಣ ಕಟ್ಟಿಡಿ. ಹೋಲ್ಡರ್ ತಿರುಪಿನದು, ನಮ್ಮ ಪಿನ್ ಬಲ್ಬ್ ಅದಕ್ಕೆ ಕೂರುವುದಿಲ್ಲ. ಅರ್ಧ ಭಾಗ ಪ್ಲಾಸ್ಟಿಕ್ ಬುಡವೇ ಇರುವ ಎಲ್‌ಇಡಿ ಬಲ್ಬ್ ಒಂದೇ ಕಡೆಗೆ ಬೆಳಕು ಚೆಲ್ಲಿ ಕೆಲವು ಹಂತದ ತಟ್ಟೆಗಳನ್ನು ಕತ್ತಲಲ್ಲಿಡುತ್ತದೆ. ಸುತ್ತಲೂ ಬೆಳಗುವ, ಮಸುಕು ಗಾಜಿನ, 2700 ಕೆಲ್ವಿನ್‌ನ ಬಲ್ಬ್ ಕೊಳ್ಳಿ.

ಪ್ರಶ್ನೆ: ‘ವಿಂಟೇಜ್ ಸ್ಕ್ಯಾಂಡಿನೇವಿಯನ್’ ಎಂದು ಬೆಂಗಳೂರಿನ ಅಂಗಡಿಗಳಲ್ಲಿ ಮಾರುವ ಕುರ್ಚಿಗಳು ಎಷ್ಟು ನಿಜ?
— ತುಮಕೂರಿನ ಓದುಗರು

ಉತ್ತರ: ಅಲ್ಲಿ ಕಾಣುವುದು ಬಹುಮಟ್ಟಿಗೆ ಆ ಶೈಲಿಯಲ್ಲಿ ಇತ್ತೀಚೆಗೆ ಇಲ್ಲೇ ಮಾಡಿದ ಹೊಸ ಪೀಠೋಪಕರಣ. ಮಾವಿನ ಮರ ಅಥವಾ ಶೀಶಮ್ ಎಂದು ರಸೀದಿಯಲ್ಲಿದ್ದರೆ ಅನುಮಾನವೇ ಬೇಡ. ಕೂರಲು ಹಿತವಾಗಿದ್ದರೆ ಹೊಸ ಕುರ್ಚಿಯ ಬೆಲೆ ಕೊಟ್ಟು ಕೊಳ್ಳಿ.

ಪ್ರಶ್ನೆ: ಬ್ರಸೆಲ್ಸ್‌ನಲ್ಲಿದ್ದೇನೆ. ಕೋಬ್ರಾ ಗುಂಪಿನ ಕಲಾವಿದರ ವರ್ಣಚಿತ್ರ ಕೊಳ್ಳುವ ಶಕ್ತಿಯಿಲ್ಲ, ಲಿಥೋಗ್ರಾಫ್‌ಗಳಿಂದ, ಅಂದರೆ ಕಲ್ಲಚ್ಚಿನ ಚಿತ್ರಗಳಿಂದ, ಆರಂಭಿಸಬಹುದೆಂದು ಸ್ನೇಹಿತರು ಹೇಳುತ್ತಾರೆ. ಏನನ್ನು ನೋಡಿ ಕೊಳ್ಳಬೇಕು?
— ಬ್ರಸೆಲ್ಸ್‌ನ ಓದುಗರು

ಉತ್ತರ: ಸಲಹೆ ಒಳ್ಳೆಯದು. ಕೋಪನ್‌ಹೇಗನ್, ಬ್ರಸೆಲ್ಸ್, ಆಮ್ಸ್ಟರ್‌ಡಾಮ್ ನಗರಗಳ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿಕೊಂಡು 1948ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಈ ಗುಂಪು 1951ರಲ್ಲೇ ಚದುರಿತು. ಆದರೆ ಆಸ್ಗರ್ ಯೋರ್ನ್, ಕಾರೆಲ್ ಆಪೆಲ್, ನಿಮ್ಮ ಊರಿನವರೇ ಆದ ಪಿಯೆರ್ ಅಲೆಶಿನ್ಸ್ಕಿ ಮುಂದಿನ ದಶಕಗಳಲ್ಲೂ ಕಲ್ಲಚ್ಚಿನಲ್ಲಿ ಧಾರಾಳವಾಗಿ ಕೆಲಸ ಮಾಡಿದರು. ಯೋರ್ನ್ ಮತ್ತು ಅಲೆಶಿನ್ಸ್ಕಿಯವರ ಅಚ್ಚುಗಳನ್ನು ತೆಗೆದ ಪ್ಯಾರಿಸಿನ ಮುದ್ರಣಶಾಲೆಯ ಪೀಟರ್ ಬ್ರಾಮ್ಸನ್ ಯೋರ್ನ್ ಅವರಂತೆಯೇ ಡೆನ್ಮಾರ್ಕಿನವರು.

ಕೈಯಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರುವ ಒಂದು ಭೂತಗನ್ನಡಿ ಇರಲಿ. ಬಣ್ಣ ಸಾಲುಸಾಲಾದ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಫೋಟೋ ತೆಗೆದು ಮಾಡಿದ ಯಾಂತ್ರಿಕ ಮುದ್ರಣ. ಕಲ್ಲಿನಿಂದ ಬಂದ ಬಣ್ಣ ಕಾಗದದ ಮೇಲೆ ಅಡ್ಡಾದಿಡ್ಡಿ ಕಣಗಳಾಗಿ, ಒಂದರ ಮೇಲೊಂದು ಕೂತಿರುತ್ತದೆ. ಆಮೇಲೆ ಸಹಿ. ಪೆನ್ಸಿಲಿನ ಸಹಿ ಬೆಳಕನ್ನು ಓರೆಯಾಗಿ ಹಿಡಿದಾಗ ತುಸು ಹೊಳೆದು, ಕಾಗದದಲ್ಲಿ ಗೀರು ಬಿಟ್ಟಿರುತ್ತದೆ; ಚಿತ್ರದ ಜೊತೆಗೇ ಅಚ್ಚಾದ ಸಹಿಗೆ ಆ ಬೆಲೆಯಿಲ್ಲ. ಅಂಚಿನಲ್ಲಿ 48/125 ಎಂದಿದ್ದರೆ 125 ಪ್ರತಿಗಳಲ್ಲಿ 48ನೆಯದೆಂದು ಅರ್ಥ, ಸಂಖ್ಯೆ ಚಿಕ್ಕದಿದ್ದಷ್ಟೂ ಅಚ್ಚು ಉತ್ತಮವೆಂಬುದು ಅಂಗಡಿಯವರ ಮಾತಷ್ಟೇ. ಸಾಲ್ವಡಾರ್ ಡಾಲಿಯಂಥವರು ಖಾಲಿ ಹಾಳೆಗಳಿಗೇ ರಾಶಿಗಟ್ಟಲೆ ಸಹಿ ಹಾಕಿಕೊಟ್ಟ ಪ್ರಸಂಗ ಇರುವುದರಿಂದ, ಸಹಿ ಅಸಲಿ ಎಂದ ಮಾತ್ರಕ್ಕೆ ಅಚ್ಚು ಅಸಲಿ ಎಂದಾಗುವುದಿಲ್ಲ. ಕಲಾವಿದರ ಸಮಗ್ರ ಸೂಚಿಯಲ್ಲಿ ಕೊಟ್ಟಿರುವ ಅಳತೆ, ಕಾಗದ, ಪ್ರತಿಗಳ ಸಂಖ್ಯೆಗಳೊಂದಿಗೆ ಹೋಲಿಸಿ. ಚೌಕಟ್ಟಿನಿಂದ ಹೊರತೆಗೆದು ತೋರಿಸಲು ಒಪ್ಪದವರಲ್ಲಿ ಕೊಳ್ಳಬೇಡಿ. ಅಂಚು ಕತ್ತರಿಸಿದ ಹಾಳೆ, ಹಿಂದೆ ರಟ್ಟಿಗೆ ಅಂಟಿಸಿದ ಹಾಳೆ ಅಡಗುವುದು ಅಲ್ಲೇ.

ಹರಾಜಿನಲ್ಲಿ ಕೊಳ್ಳುವುದಾದರೆ ಸುತ್ತಿಗೆ ಬಿದ್ದ ಬೆಲೆಯೇ ನೀವು ಕೊಡುವ ಬೆಲೆಯಲ್ಲ. ಖರೀದಿದಾರರ ಶುಲ್ಕವೆಂದು ಸಾಮಾನ್ಯವಾಗಿ ಕಾಲುಭಾಗದ ಆಸುಪಾಸು ಸೇರುತ್ತದೆ, ಅದರ ಮೇಲೆ ತೆರಿಗೆಯಿರುತ್ತದೆ. ಕಲಾವಿದರು ತೀರಿಕೊಂಡು 70 ವರ್ಷ ಆಗುವವರೆಗೆ, ಕೃತಿ ಮತ್ತೆ ಮಾರಾಟವಾದಾಗ ಅವರಿಗೆ ಅಥವಾ ಅವರ ವಾರಸುದಾರರಿಗೆ ಸಲ್ಲುವ ಮರುಮಾರಾಟದ ಹಕ್ಕಿನ ಪಾಲೂ ಉಂಟು: 50,000 ಯೂರೋವರೆಗಿನ ಭಾಗಕ್ಕೆ ಸಾಮಾನ್ಯವಾಗಿ ಶೇಕಡಾ 4. ಯೋರ್ನ್ ತೀರಿಕೊಂಡದ್ದು 1973ರಲ್ಲಿ, ಆದ್ದರಿಂದ ಅವರ ಕೃತಿಗಳಿಗೆ ಇದು 2043ರ ಕೊನೆಯವರೆಗೆ ಅನ್ವಯಿಸುತ್ತದೆ. ಕಾನೂನಿನಂತೆ ಅದು ಮಾರುವವರ ಹೊಣೆಯಾದರೂ ಎಷ್ಟೋ ಹರಾಜು ಸಂಸ್ಥೆಗಳು ಕೊಳ್ಳುವವರ ಬಿಲ್ಲಿಗೇ ಸೇರಿಸುತ್ತವೆ. 4,000 ಯೂರೋಗೆ ಸುತ್ತಿಗೆ ಬಿದ್ದರೆ ಶುಲ್ಕ ಸುಮಾರು 1,000, ಮರುಮಾರಾಟದ ಪಾಲು 160, ತೆರಿಗೆ ಮತ್ತು ಸಾಗಣೆ ಬೇರೆ. ನಿಮ್ಮ ಕೈಯಲ್ಲಿರುವ ಹಣ 4,000 ಯೂರೋ ಆದರೆ, ಕೂಗನ್ನು 3,000ಕ್ಕಿಂತ ಕೆಳಗೇ ನಿಲ್ಲಿಸಿ.