ಇಂಡೆಕ್ಸ್ ಇದೆ, ಆದರೂ ರಿಪೋರ್ಟ್ ತೆವಳುತ್ತದೆ

ಪ್ರಶ್ನೆ: 24 ಗಂಟೆ ತೆರೆದಿರುವ ಕೆಲವು ಮೆಡಿಕಲ್ ಶಾಪ್‌ಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಬಿಲ್ ಟೇಬಲ್‌ನಲ್ಲಿ ಸುಮಾರು 40 ಲಕ್ಷ ರೋ ಇವೆ. ಒಂದು ಶಾಖೆಯ ಒಂದು ದಿನದ ಬಿಲ್ ತೆಗೆಯಲು ಎಂಟೊಂಬತ್ತು ಸೆಕೆಂಡ್ ಹಿಡಿಯುತ್ತದೆ. ಬಿಲ್ ಸಮಯದ ಕಾಲಮ್ ಟೈಮ್‌ಝೋನ್ ಸಹಿತ ಟೈಮ್‌ಸ್ಟ್ಯಾಂಪ್, ಅದರ ಮೇಲೆ ಇಂಡೆಕ್ಸ್ (ಬೇಗ ಹುಡುಕಲು ಜೋಡಿಸಿಟ್ಟ ಸೂಚಿ) ಇದೆ. ಕ್ವೆರಿಯ ವೇರ್ (ಷರತ್ತಿನ) ಭಾಗದಲ್ಲಿ ಅದಕ್ಕೆ ಡೇಟ್ ಫಂಕ್ಷನ್ ಹಾಕಿ ದಿನಾಂಕದ ಜೊತೆ ಹೋಲಿಸುತ್ತೇನೆ. ಡೇಟ್ ಫಂಕ್ಷನ್ ಮೇಲೆಯೇ ಇಂಡೆಕ್ಸ್ ಮಾಡಹೋದರೆ ‘ಇಮ್ಯೂಟಬಲ್ ಅಲ್ಲ’ (ಫಲಿತಾಂಶ ಯಾವಾಗಲೂ ಒಂದೇ ಇರುವುದಿಲ್ಲ) ಎಂದು ಎರರ್ ಬರುತ್ತದೆ. ರ‍್ಯಾಮ್ ಹೆಚ್ಚಿಸಬೇಕೇ?

ಉತ್ತರ: ರ‍್ಯಾಮ್‌ಗೆ ದುಡ್ಡು ಹಾಕುವ ಮೊದಲು ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಆದೇಶಕ್ಕೆ ಅನಲೈಜ್, ಬಫರ್ಸ್ ಎರಡನ್ನೂ ಸೇರಿಸಿ ಕ್ವೆರಿ ಓಡಿಸಿ. ಸೀಕ್ವೆನ್ಶಿಯಲ್ ಸ್ಕ್ಯಾನ್ (ಇಡೀ ಟೇಬಲ್ ಓದುವುದು) ಎಂಬ ಸಾಲು ಕಂಡರೆ ಅದರ ಕೆಳಗಿನ ‘ರೋಸ್ ರಿಮೂವ್ಡ್ ಬೈ ಫಿಲ್ಟರ್’ ನೋಡಿ. ಅಲ್ಲಿ 13 ಲಕ್ಷ ಎಂದಿದ್ದು, ಮೇಲೆ ಲೂಪ್ಸ್ 3 ಎಂದಿದ್ದರೆ, ಓದಿ ಬಿಸಾಡಿದ್ದು 39 ಲಕ್ಷ. ಹಲವು ಪ್ರಕ್ರಿಯೆಗಳು ಹಂಚಿಕೊಂಡು ಓದುವ ಪ್ಯಾರಲಲ್ ಸ್ಕ್ಯಾನ್‌ನಲ್ಲಿ ಆ ಅಂಕಿ ಒಂದು ಲೂಪಿನ ಸರಾಸರಿ. ಗುಣಿಸದೆ ಓದಿದರೆ ದಾರಿ ತಪ್ಪುತ್ತೀರಿ.

ಇಂಡೆಕ್ಸ್‌ನಲ್ಲಿ ಜೋಡಿಸಿಟ್ಟಿರುವುದು ಕಾಲಮ್‌ನ ಮೌಲ್ಯ. ನೀವು ಹುಡುಕುತ್ತಿರುವುದು ಡೇಟ್ ಫಂಕ್ಷನ್‌ನ ಫಲಿತಾಂಶ. ಹಾಗಾಗಿ ಪ್ರತಿ ರೋಗೂ ಫಂಕ್ಷನ್ ಓಡಿಸದೆ ವಿಧಿಯಿಲ್ಲ. ಕಾಲಮ್ ಅನ್ನು ಬರಿದಾಗಿ ಬಿಡಿ, ಲೆಕ್ಕಾಚಾರ ಆಚೆ ಬದಿಗಿರಲಿ: ಬಿಲ್ ಸಮಯ >= ‘2025-06-10 00:00+05:30’ ಮತ್ತು ಬಿಲ್ ಸಮಯ < ‘2025-06-11 00:00+05:30’. ಬಿಟ್ವೀನ್ ಹಾಕಿ 23:59:59ಕ್ಕೆ ನಿಲ್ಲಿಸಬೇಡಿ, ಕೊನೆಯ ಸೆಕೆಂಡಿನ ಭಿನ್ನಾಂಶದಲ್ಲಿ ಆದ ಬಿಲ್ ಕೈಬಿಟ್ಟುಹೋಗುತ್ತದೆ.

ಆ ಎರರ್ ನಿಮಗೆ ಉಪಕಾರವನ್ನೇ ಮಾಡಿದೆ. ಒಂದು ಕ್ಷಣ ಯಾವ ದಿನಾಂಕಕ್ಕೆ ಸೇರುತ್ತದೆ ಎಂಬುದು ಸೆಷನ್‌ನ ಟೈಮ್‌ಝೋನ್ ಮೇಲೆ ನಿಂತಿದೆ, ಅದಕ್ಕೇ ಪೋಸ್ಟ್‌ಗ್ರೆಸ್ ಇಂಡೆಕ್ಸ್‌ಗೆ ಒಪ್ಪಲಿಲ್ಲ. ಸೆಷನ್ ಯುಟಿಸಿಯಲ್ಲಿದ್ದರೆ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ) ರಾತ್ರಿ 12ರಿಂದ ಬೆಳಗಿನ 5.30ರವರೆಗಿನ ಬಿಲ್‌ಗಳು ಹಿಂದಿನ ದಿನದ ಲೆಕ್ಕಕ್ಕೆ ಹೋಗಿರುತ್ತವೆ. ನಿಮ್ಮದು ರಾತ್ರಿಯೂ ನಡೆಯುವ ಅಂಗಡಿ. ಹಳೆಯ ರಿಪೋರ್ಟ್‌ಗಳನ್ನು ಒಮ್ಮೆ ತಾಳೆ ನೋಡಿ. ನಿಧಾನಕ್ಕಿಂತ ಇದು ದೊಡ್ಡ ತೊಂದರೆ.

ಇನ್ನು ಶಾಖೆ ಮತ್ತು ಸಮಯ ಎರಡಕ್ಕೂ ಸೇರಿ ಒಂದೇ ಇಂಡೆಕ್ಸ್ ಮಾಡಿ. ಶಾಖೆ ಮೊದಲು, ಸಮಯ ಆಮೇಲೆ: ಸಮ ಎಂದು ಹೋಲಿಸುವ ಕಾಲಮ್ ಮುಂದೆ, ‘ಇಂದ–ವರೆಗೆ’ ಇರುವುದು ಹಿಂದೆ. ಕ್ರಮ ಉಲ್ಟಾ ಆದರೆ ಆ ದಿನದ ಎಲ್ಲ ಶಾಖೆಗಳ ಎಂಟ್ರಿಯನ್ನೂ ದಾಟಬೇಕಾಗುತ್ತದೆ. ಅಂಗಡಿ ನಡೆಯುತ್ತಿರುವಾಗಲೇ ಮಾಡುವುದಾದರೆ ಇಂಡೆಕ್ಸ್ ಮಾಡುವ ಆದೇಶಕ್ಕೆ ಕನ್‌ಕರೆಂಟ್ಲಿ ಸೇರಿಸಿ. ಇಲ್ಲದಿದ್ದರೆ ಮುಗಿಯುವವರೆಗೆ ಹೊಸ ಬಿಲ್ ಹಾಕಲಾಗದು. ಅದನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸಲು ಬರುವುದಿಲ್ಲ. ನಡುವೆ ಕೆಟ್ಟರೆ ‘ಇನ್‌ವ್ಯಾಲಿಡ್’ ಇಂಡೆಕ್ಸ್ ಒಂದು ಉಳಿದುಬಿಡುತ್ತದೆ, ಡ್ರಾಪ್ ಮಾಡಿ ಮತ್ತೆ ಶುರುಮಾಡಿ.

ಪ್ರಶ್ನೆ: ಪ್ಲ್ಯಾನ್‌ನಲ್ಲಿ ಅಂದಾಜು 12 ರೋ, ನಿಜಕ್ಕೆ ಬಂದದ್ದು 60 ಸಾವಿರ. ನೆಸ್ಟೆಡ್ ಲೂಪ್ (ಒಂದು ಟೇಬಲ್‌ನ ಪ್ರತಿ ರೋಗೂ ಇನ್ನೊಂದರಲ್ಲಿ ಹುಡುಕುವ ವಿಧಾನ) ಆರಿಸಿಕೊಂಡು ಒದ್ದಾಡುತ್ತಿದೆ. ಜಿಲ್ಲೆ, ತಾಲ್ಲೂಕು ಎರಡರ ಮೇಲೂ ಫಿಲ್ಟರ್ ಇದೆ.

ಉತ್ತರ: ನೆಸ್ಟೆಡ್ ಲೂಪ್‌ನ ತಪ್ಪಲ್ಲ. 12 ರೋ ಎಂದು ನಂಬಿದರೆ ಅದೇ ಸರಿಯಾದ ಆಯ್ಕೆ. ಮೊದಲು ಆ ಟೇಬಲ್ ಮೇಲೆ ಅನಲೈಜ್ ಆದೇಶ ಓಡಿಸಿ (ಎಕ್ಸ್‌ಪ್ಲೇನ್ ಜೊತೆಗಿನದಲ್ಲ, ಅಂಕಿಅಂಶ ಹೊಸದು ಮಾಡುವುದು). ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಟೇಬಲ್‌ನ ಸುಮಾರು ಶೇ 10ರಷ್ಟು ಬದಲಾದ ಮೇಲಷ್ಟೇ ಆಟೋವ್ಯಾಕ್ಯೂಮ್ (ತಾನಾಗಿ ಓಡುವ ನಿರ್ವಹಣೆ) ಅಂಕಿಅಂಶ ಹೊಸದು ಮಾಡುತ್ತದೆ. 40 ಲಕ್ಷದ ಟೇಬಲ್‌ಗೆ ಅದು 4 ಲಕ್ಷ ರೋ. ಅಲ್ಲಿಯವರೆಗೆ ಈ ವಾರದ ಡೇಟಾ ಕ್ವೆರಿಯ ದಾರಿ ಆರಿಸುವ ಪ್ಲ್ಯಾನರ್‌ನ ಲೆಕ್ಕದಲ್ಲೇ ಇರಲಿಕ್ಕಿಲ್ಲ. ಆ ಒಂದು ಟೇಬಲ್‌ಗೆ ಮಾತ್ರ ಅನಲೈಜ್ ಸ್ಕೇಲ್ ಫ್ಯಾಕ್ಟರನ್ನು 0.01ಕ್ಕೆ (ಶೇ 1) ಇಳಿಸಬಹುದು.

ಆದರೂ ಅಂದಾಜು ತಪ್ಪಿದರೆ ಕಾರಣ ಆ ಎರಡು ಕಾಲಮ್‌ಗಳ ನಂಟು. ಜಿಲ್ಲೆ ಮೈಸೂರು, ತಾಲ್ಲೂಕು ಹುಣಸೂರು ಎಂದಾಗ ಹುಣಸೂರು ಇರುವುದೇ ಮೈಸೂರಿನಲ್ಲಿ ಎಂದು ಪ್ಲ್ಯಾನರ್‌ಗೆ ಗೊತ್ತಿಲ್ಲ. ಎರಡೂ ಬೇರೆ ಬೇರೆ ಎಂದು ಭಾವಿಸಿ ಸಂಭವನೀಯತೆಗಳನ್ನು ಗುಣಿಸುತ್ತದೆ, ಅಂದಾಜು ಪಾತಾಳಕ್ಕೆ ಇಳಿಯುತ್ತದೆ. ಆವೃತ್ತಿ 10ರಿಂದ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಇದೆ; ಈ ಜೋಡಿಗೆ ಡಿಪೆಂಡೆನ್ಸೀಸ್ (ಕಾಲಮ್‌ಗಳ ನಂಟು ಅಳೆಯುವ) ಬಗೆಯದನ್ನು ಮಾಡಿ, ಮತ್ತೆ ಅನಲೈಜ್ ಕೊಡಿ. ಕೊಡದಿದ್ದರೆ ಅದು ಖಾಲಿಯಾಗಿಯೇ ಇರುತ್ತದೆ. ನೆಸ್ಟೆಡ್ ಲೂಪ್ ಅನ್ನೇ ಆಫ್ ಮಾಡಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಪರೀಕ್ಷೆಗಷ್ಟೇ ಬಳಸಿ, ಪ್ರೊಡಕ್ಷನ್‌ನಲ್ಲಿ ಬೇಡ.

ಪ್ರಶ್ನೆ: ಒಮ್ಮೆಯೂ ಬಿಲ್ ಆಗದ ಗ್ರಾಹಕರನ್ನು ನಾಟ್ ಇನ್ ಬಳಸಿ ಹುಡುಕಿದರೆ ಒಂದು ರೋ ಕೂಡ ಬರುವುದಿಲ್ಲ. ಅಂಥವರು ಇರುವುದಂತೂ ನಿಜ.

ಉತ್ತರ: ಬಿಲ್ ಟೇಬಲ್‌ನ ಗ್ರಾಹಕ ಐಡಿಯಲ್ಲಿ ಎಲ್ಲೋ ಒಂದು ನಲ್ (ಖಾಲಿ ಮೌಲ್ಯ) ಸೇರಿಕೊಂಡಿದೆ, ಬಹುಶಃ ಹೆಸರು ಬರೆಸದೆ ನಗದು ಕೊಟ್ಟು ಹೋದವರ ಬಿಲ್. ನಲ್ ಜೊತೆಗಿನ ಹೋಲಿಕೆಗೆ ಹೌದು-ಅಲ್ಲ ಎಂಬ ಉತ್ತರವಿಲ್ಲ, ಹಾಗಾಗಿ ನಾಟ್ ಇನ್ ಯಾರನ್ನೂ ಪಾಸು ಮಾಡುವುದಿಲ್ಲ. ನಾಟ್ ಎಕ್ಸಿಸ್ಟ್ಸ್ ಆಗಿ ತಿರುಗಿಸಿ ಬರೆಯಿರಿ. ಫಲಿತಾಂಶ ಸರಿಯಾಗುವುದರ ಜೊತೆಗೆ ಪ್ಲ್ಯಾನರ್‌ಗೆ ಆಂಟಿ ಜಾಯಿನ್ (ಜೋಡಿ ಸಿಗದ ರೋಗಳನ್ನಷ್ಟೇ ತೆಗೆಯುವುದು) ಮಾಡುವ ದಾರಿಯೂ ತೆರೆಯುತ್ತದೆ. ದೊಡ್ಡ ಟೇಬಲ್‌ನಲ್ಲಿ ವೇಗದ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.